ಹಂಸಳ ಕೈಗುಣ

ಕಗ್ಗದಾಸಪುರದ ಆ ಮನೆಯಲ್ಲಿ ಯಾರಿಗೇ ಜ್ವರ ಬರಲಿ, ರಕ್ತ ತೆಗೆಯುವವಳು ಹಂಸಳೇ ಆಗಬೇಕು. ಅದು ಅತ್ತೆ ದೊಡ್ಡಮುನಿಯಮ್ಮನವರ ಕಟ್ಟಪ್ಪಣೆ. ರಾಗಿ ಬೆಳೆಯುತ್ತಿದ್ದ ಹೊಲವನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದರೂ ಕೈಗುಣದ ಮೇಲಿನ ನಂಬಿಕೆಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಸೊಸೆ ಸೂಜಿ ಚುಚ್ಚಿದರೆ ನೋಯುವುದಿಲ್ಲ, ಅವಳು ಮುಟ್ಟಿದವರು ಬೇಗ ಏಳುತ್ತಾರೆ ಎಂದು ನೆಂಟರಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಯಲ್ಲಿ ಲ್ಯಾಬ್ ಕೋರ್ಸು ಮುಗಿಸಿದ ಹಂಸಳಿಗೆ ಆ ಹೊಗಳಿಕೆ ಕೇಳಿದಾಗಲೆಲ್ಲ ತನ್ನ ಕೈಯ ಮೇಲೇ ಅನುಮಾನವಾಗುತ್ತಿತ್ತು.

ಊರಿಗೆಲ್ಲ ಡೆಂಗ್ಯೂ ಹರಡಿದ್ದ ದಿನಗಳಲ್ಲಿ ಅತ್ತೆಗೂ ಮೈ ಬಿಸಿಯಾಯಿತು. ಸುಸ್ತು, ಬೆನ್ನುನೋವು ಮೊದಲಿನಿಂದಲೂ ಇತ್ತು. ಹಂಸ ಮನೆಯಲ್ಲೇ ರಕ್ತ ತೆಗೆದು, ತಾನು ಕೆಲಸ ಮಾಡುವ ಹಲಸೂರಿನ ಲ್ಯಾಬಿಗೆ ಒಯ್ದಳು. ಗಾಜಿನ ಮೇಲೆ ಒಂದು ಹನಿ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಕೆಂಪು ಕಣಗಳು ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳಂತೆ ಅಂಟಿಕೊಂಡಿದ್ದವು. ನಡುವಿನ ಖಾಲಿ ಜಾಗವೆಲ್ಲ ನೀಲಿ ನೀಲಿ.

ತನ್ನದೇ ತಪ್ಪು ಅಂದುಕೊಂಡಳು. ಹನಿ ದಪ್ಪವಾಯಿತು, ಬಣ್ಣ ಸರಿಯಾಗಿ ತೊಳೆಯಲಿಲ್ಲ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ವರದಿಗಳಿಗೆ ಸಹಿ ಹಾಕುವ ಡಾಕ್ಟರ್ ಮಧುಕರ್ ಹಿಂದಿನ ವಾರವಷ್ಟೇ ಅವಳ ದಪ್ಪ ಸ್ಲೈಡೊಂದನ್ನು ಎತ್ತಿ ಹಿಡಿದು ಎಲ್ಲರೆದುರು, "ನೀರುದೋಸೆ ಕೇಳಿದ್ರೆ ಸೆಟ್ ದೋಸೆ ಹುಯ್ತೀರಲ್ರೀ ಹಂಸ," ಅಂದಿದ್ದರು. ಆಗ ಎದ್ದ ನಗು ಇನ್ನೂ ಕಿವಿಯಲ್ಲಿತ್ತು. ಇನ್ನೊಂದು ಸ್ಲೈಡು ಮಾಡಿದಳು. ಅದೂ ಹಾಗೆಯೇ. ಮತ್ತೊಂದನ್ನು ಉಸಿರು ಬಿಗಿಹಿಡಿದು ತೆಳ್ಳಗೆ ಎಳೆದು, ಎರಡೆರಡು ಸಲ ತೊಳೆದಳು. ತೆಳುವಾದ ಅಂಚಿನಲ್ಲಿ ಕಣಗಳು ಬಿಡಿಬಿಡಿಯಾದವು, ನೀಲಿ ಹೋಯಿತು. ನ್ಯೂಕ್ಲಿಯಸ್ಸು ಒಂದು ಮಗ್ಗುಲಿಗೆ ಸರಿದ ಕೆಲವು ವಿಚಿತ್ರ ಬಿಳಿ ಕಣಗಳು ಮಾತ್ರ ಉಳಿದವು. ಡೆಂಗ್ಯೂ ಕಾಲದಲ್ಲಿ ಅಂಥವು ಬೇರೆಯವರ ರಕ್ತದಲ್ಲೂ ಕಾಣುತ್ತಿದ್ದವು. ಮೊದಲಿನ ಎರಡು ಸ್ಲೈಡುಗಳನ್ನು ಯಾರಿಗೂ ಕಾಣದಂತೆ ಗಾಜಿನ ಕಸಕ್ಕೆ ಹಾಕಿದಳು.

ಮಧುಕರ್ ಕೊನೆಯದನ್ನು ನೋಡಿ ಮೆಚ್ಚಿದರು, ವೈರಲ್ ಜ್ವರವೆಂದು ಬರೆದು ಸಹಿ ಹಾಕಿದರು. ಏನೂ ಇಲ್ಲವೆಂದು ಸೊಸೆ ಹೇಳಿದ್ದನ್ನು ಅತ್ತೆ ಬೀದಿಗೆಲ್ಲ ಹೇಳಿದರು. ಬೆನ್ನಿಗೆ ಎಣ್ಣೆ ಹಚ್ಚಿಕೊಂಡು ಓಡಾಡಿದರು.

ಗೌರಿಹಬ್ಬ ಕಳೆದ ಮೇಲೆ ನೀರಿನ ಬಿಂದಿಗೆ ಎತ್ತಲು ಬಗ್ಗಿದವರು ಮತ್ತೆ ನೆಟ್ಟಗಾಗಲಿಲ್ಲ. ಬೆನ್ನುಮೂಳೆ ಕುಸಿದಿತ್ತು. ನೋವಿನಿಂದ ಮೈಮರೆತಿದ್ದಾಗಲೇ ಆಸ್ಪತ್ರೆಯವರು ರಕ್ತ ತೆಗೆದು ನೋಡಿದ್ದರು. ದೊಡ್ಡ ಆಸ್ಪತ್ರೆಯ ಡಾಕ್ಟರು ತೇಜಶ್ರೀ, ಹಂಸಳನ್ನೂ ಅವಳ ಗಂಡ ಕೆಂಪರಾಜನನ್ನೂ ಕೂರಿಸಿ ವಿವರಿಸಿದರು. ಮೂಳೆಯ ಮಜ್ಜೆಯಲ್ಲಿ ಇರಬೇಕಾದ ಪ್ಲಾಸ್ಮಾ ಕಣಗಳು ಕೆಟ್ಟು, ಬೆಳೆದು, ಮೂಳೆಯನ್ನು ಟೊಳ್ಳು ಮಾಡಿ, ರಕ್ತಕ್ಕೇ ಇಳಿದಿವೆ; ಇದೊಂದು ಬಗೆಯ ಕ್ಯಾನ್ಸರು. ಅವು ಸುರಿಸುವ ಪ್ರೋಟೀನಿನಿಂದ ಕೆಂಪು ಕಣಗಳು ಬಿಲ್ಲೆಗಳಂತೆ ಅಂಟುತ್ತವೆ, ಸ್ಲೈಡು ನೀಲಿಗಟ್ಟುತ್ತದೆ. ಹಂಸ ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಮತ್ತೆ ರಕ್ತ ತೆಗೆದು ಆ ಕಣಗಳ ಗುರುತು ಹಚ್ಚಬೇಕು, ಮಜ್ಜೆಯನ್ನೂ ತೆಗೆಯಬೇಕು, ಇವತ್ತೇ ಔಷಧಿ ಶುರುವಾಗಬೇಕು ಎಂದರು ಡಾಕ್ಟರು.

ಅತ್ತೆ ಮಾತ್ರ ರಕ್ತ ಕೊಡಲು ಯಾರಿಗೂ ಕೈ ಚಾಚಲಿಲ್ಲ.

"ನಮ್ಮ ಹಂಸ ನೋಡವ್ಳೆ, ಏನೂ ಇಲ್ಲ ಅಂದವ್ಳೆ. ಮೂಳೆಗೆ ಯಾಕಮ್ಮಾ ಸೂಜಿ? ಮನೆಗೆ ಕರ್ಕೊಂಡು ಹೋಗ್ರಿ."

ಕೆಂಪರಾಜ ಬೇಡಿಕೊಂಡ. ನರ್ಸ್ ಫಾಯಿಜಾ ತಮಾಷೆ ಮಾಡಿ ನೋಡಿದಳು. ಅತ್ತೆ ಸೆರಗಿನೊಳಗೆ ಕೈ ಇಟ್ಟುಕೊಂಡು ಗೋಡೆಯ ಕಡೆ ತಿರುಗಿಬಿಟ್ಟರು. ಕೊನೆಗೆ ಕೆಂಪರಾಜ ಹೆಂಡತಿಯ ಮುಖ ನೋಡಿದ. "ನೀನೇ ಹೇಳು. ನಿನ್ನ ಮಾತು ಬಿಟ್ರೆ ಯಾರದ್ದೂ ಕೇಳಲ್ಲ."

ತಾನೇ ತೆಗೆಯುತ್ತೇನೆ ಎಂದರೆ ಸಾಕಿತ್ತು. ರಕ್ತಕ್ಕೆ ಅತ್ತೆ ಕೂಡಲೇ ಒಪ್ಪುತ್ತಿದ್ದರು. ಆದರೆ ಮಜ್ಜೆಗೆ ಒಪ್ಪುತ್ತಿರಲಿಲ್ಲ. 'ಏನೂ ಇಲ್ಲ' ಎಂಬ ಆ ಮಾತು ಇರುವವರೆಗೂ ಒಪ್ಪುತ್ತಿರಲಿಲ್ಲ.

"ಅತ್ತೆ, ಕಾಯಿಲೆ ಆವತ್ತೇ ಕಾಣ್ತಿತ್ತು," ಎಂದಳು ಹಂಸ. "ನನ್ನ ಕೈ ಸರಿಯಿಲ್ಲ ಅಂದ್ಕೊಂಡು, ಕಾಣದ ಹಾಗೆ ತೊಳೆದು, ಕಂಡ ಗಾಜನ್ನ ಎಸೆದ್ಬಿಟ್ಟೆ."

ಅತ್ತೆ ನಿಧಾನವಾಗಿ ಈ ಕಡೆ ತಿರುಗಿ, ಸೊಸೆಯ ಮುಖವನ್ನಲ್ಲ, ಅವಳ ಕೈಗಳನ್ನು ನೋಡಿದರು. ಆಮೇಲೆ ಸೆರಗಿನಿಂದ ತಮ್ಮ ಕೈ ಹೊರತೆಗೆದು ಫಾಯಿಜಾಳ ಮುಂದೆ ಚಾಚಿದರು.

"ತಗಳಮ್ಮ. ಮೂಳೆಗೂ ಚುಚ್ಕೋ. ಯಾರ ಕೈಯಾದ್ರೇನು."

ಫಾಯಿಜಾ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅತ್ತೆ ಹಲ್ಲು ಕಚ್ಚಿಕೊಂಡರು. ಆ ತೋಳಿನ ನರ ಎಲ್ಲಿ ಹೊರಳುತ್ತದೆ, ಎಲ್ಲಿ ಒತ್ತಿ ಹಿಡಿಯಬೇಕು ಎಂಬುದು ಹಂಸಳಿಗೆ ಗೊತ್ತಿತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಅವಳು ಬೇಡ," ಎಂದರು ಅತ್ತೆ, ಫಾಯಿಜಾಳಿಗೆ. "ನೀನೇ ಇನ್ನೊಂದ್ಸಲ ನೋಡು."