ಸಿಮೆಂಟಿನ ಸಡಕು

ಹೈದರಾಬಾದಿನ ಅಫಜಲಗಂಜಿನ ನಡುರಸ್ತೆಯಲ್ಲಿ ಕೆಂದ ಮೂರನೆಯ ಸಲ ಜಾರಿದ. ಮೊದಲೆರಡು ಸಲ ಹೇಗೋ ಸಾವರಿಸಿಕೊಂಡಿದ್ದ ಎತ್ತು, ಈ ಸಲ ಮುಂಗಾಲೆರಡೂ ಒಟ್ಟಿಗೆ ಹೋಗಿ ಮೊಣಕಾಲೂರಿ ಬಿದ್ದೇಬಿಟ್ಟಿತು. ನೊಗ ಒಂದು ಕಡೆ ವಾಲಿತು. ಕಮಾನು ಬಂಡಿಯೊಳಗಿನ ಪಾತ್ರೆಗಳೆಲ್ಲ ದಡದಡ ಉರುಳಿದವು.

"ಯವ್ವಾ!" ಎಂದು ಒಳಗಿನಿಂದ ಗ್ಯಾನಮ್ಮ ಚೀರಿದಳು.

"ಏಳಲೇ ಭಾಡ್ಯಾ! ಮರ್ಯಾದಿ ಕಳೀಬ್ಯಾಡ, ಏಳು!" ದ್ಯಾವಪ್ಪ ಕೆಳಗೆ ಹಾರಿ ಕೆಂದನ ಬಾಲ ತಿರುವಿದ. ಎತ್ತು ಏಳಲು ನೋಡಿತು, ಮತ್ತೆ ಜಾರಿತು. ಹಿಂದೆ ಟಾಂಗಾಗಳು, ಸೈಕಲ್ಲುಗಳು, ಒಂದು ಬಸ್ಸು, ಯಾರೋ ನವಾಬರ ಮೋಟಾರು, ಎಲ್ಲವೂ ನಿಂತು ಒಂದೇ ಸಮನೆ ಬೊಬ್ಬೆ ಹಾಕತೊಡಗಿದವು. ಪೊಲೀಸಿನವನು ಸೀಟಿ ಊದುತ್ತ ಓಡಿಬಂದ.

ಮಸ್ಕಿಯಿಂದ ಹೈದರಾಬಾದಿಗೆ ಹನ್ನೆರಡು ದಿನದ ದಾರಿ. ಅಲ್ಲಿ ಗಂಡನ ಮನೆಯಲ್ಲಿದ್ದ ಚೊಚ್ಚಲ ಬಸುರಿ ಮಗಳು ಗ್ಯಾನಮ್ಮನನ್ನು ಹೆರಿಗೆಗೆ ತವರಿಗೆ ಕರೆತರಲು ರೈಲಿಗೆ ಹೋಗಪ್ಪಾ ಎಂದು ಊರವರೆಲ್ಲ ಹೇಳಿದ್ದರು. ದ್ಯಾವಪ್ಪ ಕೇಳುವ ಕುಳವೇ? "ರೈಲಿನ ತುಂಬ ಲಡಾಯಿಗೆ ಹೊಂಟ ಸಿಪಾಯಿಗೋಳು. ನನ್ನ ಮಗಳು ಎಲ್ಲಿ ಕಾಲು ಚಾಚಬೇಕು?" ಎಂದು ಬಂಡಿಗೆ ಹೊಸ ಕಮಾನು ಕಟ್ಟಿಸಿದ. ಒಳಗೆ ಹುಲ್ಲು ಹಾಸಿ ಮೇಲೆ ನಾಲ್ಕು ಕೌದಿ, ಮೂಲೆಯಲ್ಲಿ ಹಿಟ್ಟಿನ ಡಬ್ಬಿ, ಖಾರದ ಕುಡಿಕೆ, ಕಬ್ಬಿಣದ ಒಲೆ. "ಮನೀನ ಗಾಲಿ ಮ್ಯಾಲ ಇಟ್ಟೀನಿ" ಎಂದು ಸಿಂಧನೂರು ಸಂತೆಯವರೆಗೂ ಹೇಳಿಕೊಂಡು ಬಂದಿದ್ದ.

ಅಷ್ಟಕ್ಕೇ ಬಿಡಲಿಲ್ಲ. ಎರೆಹೊಲದಲ್ಲಿ ದುಡಿಯುವ ಎತ್ತುಗಳಿಗೆ ಯಾರೂ ಲಾಳ ಕಟ್ಟಿಸುವುದಿಲ್ಲ. ಮೆತ್ತನೆಯ ಮಣ್ಣಿಗೆ ಅದು ಬೇಕಾಗುವುದೂ ಇಲ್ಲ. ಆದರೆ ಕಲ್ಲಿನ ಸಡಕಿನಲ್ಲಿ ಗೊರಸು ಸವೆದಾವೆಂದು ದ್ಯಾವಪ್ಪ ಎರಡಕ್ಕೂ ದಪ್ಪನೆಯ ಲಾಳ ಹೊಡೆಸಿದ. ಹನ್ನೆರಡು ದಿನ ಕಲ್ಲು ತಿಕ್ಕಿ ತಿಕ್ಕಿ ಆ ಲಾಳಗಳು ಈಗ ಕನ್ನಡಿಯ ಹಾಗೆ ನುಣ್ಣಗಾಗಿದ್ದವು. ಹೈದರಾಬಾದಿನ ರಸ್ತೆಯೋ, ಸಿಮೆಂಟಿನದು. ಸಾಲದ್ದಕ್ಕೆ ಧೂಳು ಏಳದಿರಲೆಂದು ಮಧ್ಯಾಹ್ನ ನೀರು ಬೇರೆ ಚಿಮುಕಿಸಿದ್ದರು.

ಅಳಿಯ ವೆಂಕೋಬ ಗಿರಣಿಗೆ ಹೋಗುವ ಮುಂಚೆ, "ಮಾವ, ಊರೊಳಗ ಹೋಗಬ್ಯಾಡ್ರಿ. ಹೊಳೀ ಹಳೆ ಪೂಲಿನ ಮ್ಯಾಲೆ ಸುತ್ತು ಹಾಕ್ಕೊಂಡು ಹೋಗ್ರಿ" ಎಂದು ಹೇಳಿಯೇ ಹೇಳಿದ್ದ. "ಎತ್ತು ಬಂದ ದಾರಿ ಮರೆಯಂಗಿಲ್ಲಪ್ಪ" ಎಂದಿದ್ದ ದ್ಯಾವಪ್ಪ. ಬಂದದ್ದು ಬೆಳಗಿನ ಜಾವ, ಆಗ ರಸ್ತೆ ಒಣಗಿತ್ತು, ನಾಯಿಯೂ ಅಡ್ಡ ಬಂದಿರಲಿಲ್ಲ ಎನ್ನುವುದು ಅವನಿಗೆ ಹೊಳೆಯಲಿಲ್ಲ. ಒಂದೆರಡು ದಿನ ತಡೆದು ಮುಂಜಾನೆ ಹೊರಡೋಣವೆಂದರೆ ನಾಳೆ ಶುಕ್ರವಾರ, ಮನೆಯ ಹೆಣ್ಣನ್ನು ಕಳಿಸುವಂತಿಲ್ಲ. ನಾಡಿದ್ದು ಅಮಾವಾಸ್ಯೆ. ಹೀಗಾಗಿ ಗುರುವಾರ ಮಧ್ಯಾಹ್ನವೇ ಬಂಡಿ ಹೂಡಿದ್ದ.

ಗಾಳೆಮ್ಮ ಕಮಾನಿನಿಂದ ತಲೆ ಹೊರಗೆ ಹಾಕಿದಳು. ಗಂಡನ ಮುಖ ನೋಡಿದವಳೇ, "ಬ್ಯಾನಿ ಸುರುವಾಗ್ಯಾವ" ಎಂದಳು.

"ಇನ್ನ ಇಪ್ಪತ್ತು ದಿನ ಐತಂದಿದ್ದಿ?"

"ಅವಸರದಾಗ ಅಜ್ಜಿ ಮೈನೆರೆದ್ಲಂತ. ಕೂಸಿಗೇನು ನನ್ನ ಲೆಕ್ಕ ಗೊತ್ತೈತೇನು?"

"ಸುಳ್ಳು ಬ್ಯಾನಿ ಇರ್ತಾವ. ಊರು ದಾಟಿದ್ರ ಸುಮ್ಮನಾಗತಾವ."

"ನಾಕು ಹಡದೀನಿ, ನನಗ ಹೇಳ್ತಿಯೇನು? ಮುಂದಿನ ಪೂಲ್ ದಾಟಿದ್ರ ಹೆಂಗಸರ ಜನಾನಾ ದವಾಖಾನಿ ಐತಂತ. ಅಲ್ಲಿಗೆ ಹೊಡಿ."

ದವಾಖಾನೆ ಎಂಬ ಮಾತು ಕೇಳಿಯೇ ದ್ಯಾವಪ್ಪ ತಲೆ ಕೊಡವಿದ. ಅವನಿಗೆ ಗೊತ್ತಿದ್ದ ಹಾಗೆ ದವಾಖಾನೆಗೆ ಹೋದವರನ್ನು ಹೊತ್ತುಕೊಂಡೇ ತರುತ್ತಿದ್ದರು. ಅದೂ ಅಲ್ಲದೆ ಅವನ ಮನೆಯ ಚೊಚ್ಚಲ ಹೆರಿಗೆಗಳೆಲ್ಲ ತವರಿನಲ್ಲೇ ಆದಂಥವು. ಈ ಒಂದು ಕೆಲಸಕ್ಕಾಗಿ ಹನ್ನೆರಡು ದಿನ ಬಂಡಿ ಹೊಡೆದಿದ್ದ. "ಮಸ್ಕಿಗೇ ಹೋಗೂದು" ಎಂದು ಮತ್ತೆ ಕೆಂದನ ಬಾಲಕ್ಕೆ ಕೈ ಹಾಕಿದ.

"ಬಾಲ ಕಿತ್ತು ಕೈಗೆ ಬರತೈತಿ, ಎತ್ತು ಏಳಂಗಿಲ್ಲ" ಎಂದು ಯಾರೋ ಕನ್ನಡದಲ್ಲೇ ಹೇಳಿದರು. ಹಿಂದೆ ನಿಂತಿದ್ದ ಟಾಂಗಾದಿಂದ ಗಡ್ಡದ ಮುದುಕನೊಬ್ಬ ಇಳಿದು ಬಂದಿದ್ದ. "ಗೌಸ್‌ಸಾಬ್ ಅಂತ. ನಮ್ಮಪ್ಪ ಲಿಂಗಸೂಗೂರು ದಂಡಿನ ಛಾವಣ್ಯಾಗ ಕುದುರಿ ನೋಡ್ಕೊಂತಿದ್ದ. ನಿನ್ನ ಬೈಗಳ ಕೇಳಿ ನಮ್ಮ ಕಡೆ ಮನುಷ್ಯಾ ಅಂತ ತಿಳೀತು." ಬಗ್ಗಿ ಎತ್ತಿನ ಗೊರಸು ಮುಟ್ಟಿ ನೋಡಿದ. "ಯಾ ಅಲ್ಲಾ! ಸಿಮೆಂಟಿಗೆ ಈ ಲಾಳ ಹಾಕ್ಕೊಂಡು ಬಂದೀಯಾ? ಕಿತ್ತು ಒಗಿ. ಬರಿಗಾಲಾಗ ನಡೀತೈತಿ."

"ಕಿತ್ರ ಮುಂದ? ಊರಿಗೆ ಹನ್ನೆರಡು ದಿನ ಕಲ್ಲಾಗ ನಡೀಬೇಕು. ಮೊಳಿ ಕಿತ್ತ ಗೊರಸು ಒಡದು ಹೋಗ್ತಾವ ಸಾಹೇಬ್ರ."

"ಊರಿಗೆ ಆಮ್ಯಾಲ ಹೋಗು. ಮಗಳನ್ನ ನನ್ನ ಟಾಂಗಾದಾಗ ಕುಂದ್ರಿಸು, ಈಗ ಒಯ್ತೀನಿ."

"ಕುಂದ್ರಾಂಗ ಇಲ್ಲ ಯಪ್ಪಾ, ಮಲಗಿಸೇ ಒಯ್ಯಬೇಕು" ಎಂದಳು ಗಾಳೆಮ್ಮ.

ಆಗ ಒಳಗಿನಿಂದ ಗ್ಯಾನಮ್ಮನ ದನಿ ಬಂತು. ಚೀರಲಿಲ್ಲ, ಹಲ್ಲು ಕಚ್ಚಿಕೊಂಡು ಆಡಿದ ಮಾತು. "ಯಪ್ಪಾ, ನನಗ ಹೆದರಿಕಿ ಆಗಾಕತ್ತೈತಿ."

ದ್ಯಾವಪ್ಪ ಕೆಂದನ ಬಾಲ ಬಿಟ್ಟ. ಈ ಮಗಳು ಚಿಕ್ಕವಳಿದ್ದಾಗ ಚೇಳು ಕಡಿದಾಗಲೂ ಹೆದರಿಕೆ ಎಂದವಳಲ್ಲ. ಅವನು ಗೌಸ್‌ಸಾಬ್‌ನ ಕಡೆ ಕೈ ಚಾಚಿ, "ಇಕ್ಕಳ ಐತೇನ್ರಿ?" ಎಂದ.

ಬಿದ್ದ ಎತ್ತಿನ ಕಾಲು ಕಟ್ಟುವುದು ಕಷ್ಟವಾಗಲಿಲ್ಲ. ಒಂದೊಂದೇ ಮೊಳೆ ಕೀಳುವಾಗ ದ್ಯಾವಪ್ಪ ತನ್ನ ಉಗುರೇ ಕಿತ್ತ ಹಾಗೆ ಮುಖ ಹಿಂಡುತ್ತಿದ್ದ. ಇನ್ನೊಂದು ಎತ್ತು ಮಾರನನ್ನು ನಾಲ್ಕು ಮಂದಿ ಒತ್ತಿ ಹಿಡಿದರು. ಅವರಲ್ಲಿ ಸೀಟಿ ಊದುತ್ತಿದ್ದ ಪೊಲೀಸಿನವನೂ ಒಬ್ಬ. ಮೋಟಾರಿನ ಡ್ರೈವರ್ ಉರ್ದುವಿನಲ್ಲಿ ದ್ಯಾವಪ್ಪನ ವಂಶವನ್ನೆಲ್ಲ ಜಾಲಾಡುತ್ತಿದ್ದ. ಅರ್ಥವಾಗದ್ದು ಒಳ್ಳೆಯದೇ ಆಯಿತು.

ಬರಿಗಾಲಿನ ಎತ್ತುಗಳು ಗಟ್ಟಿಯಾಗಿ ಹೆಜ್ಜೆಯೂರಿ ಪೂಲು ದಾಟಿದವು. ಗೌಸ್‌ಸಾಬ್ ಟಾಂಗಾ ಮುಂದೆ ಬಿಟ್ಟುಕೊಂಡು "ಹಟೋ, ಹಟೋ" ಎಂದು ದಾರಿ ಬಿಡಿಸಿದ. ದವಾಖಾನೆಯ ಬಾಗಿಲಲ್ಲಿ ಆಯಾಗಳು ಗ್ಯಾನಮ್ಮನನ್ನು ಕೌದಿಯ ಸಮೇತ ಎತ್ತಿಕೊಂಡು ಹೋದರು. ಗಾಳೆಮ್ಮ ಹಿಂದೆ ಓಡಿದಳು. ಗಂಡಸರಿಗೆ ಒಳಗೆ ಬಿಡುವುದಿಲ್ಲವೆಂದು ಬಾಗಿಲು ಹಾಕಿದರು.

ದೀಪ ಹಚ್ಚುವ ಹೊತ್ತಿಗೆ ಗಾಳೆಮ್ಮ ಹೊರಗೆ ಬಂದು, "ಹೆಣ್ಣು. ಇಬ್ರೂ ಛಲೋ ಅದಾರ" ಎಂದಳು. ದ್ಯಾವಪ್ಪ ಬಂಡಿಯ ಗಾಲಿ ಹಿಡಿದುಕೊಂಡು ಗಳಗಳ ಅತ್ತ.

ಹತ್ತು ದಿನ ಇರಬೇಕೆಂದರು. ಗಿರಣಿ ಬಿಟ್ಟ ಮೇಲೆ ವೆಂಕೋಬ ದಿನಾ ಬಂದು, "ಮನಿಗೆ ಬರ್ರಿ ಮಾವ, ಬಾಣಂತಿನ್ನೂ ಅಲ್ಲಿಗೇ ಕರಕೊಂಡು ಹೋಗೂಣು" ಎನ್ನುತ್ತಿದ್ದ.

"ಚೊಚ್ಚಲ ಬಾಣಂತಿ ಗಂಡನ ಮನಿಗೆ ಬರತಾಳೇನೋ? ಹೊಟ್ಟಿಗೆ ಏನು ತಿಂತಿ?" ಎಂದು ದ್ಯಾವಪ್ಪ ಗದರಿದ. ದವಾಖಾನೆಯ ಎದುರು ಬೇವಿನ ಮರದ ಕೆಳಗೆ ಬಂಡಿ ಬಿಟ್ಟ. ಅಲ್ಲೇ ರೊಟ್ಟಿ ಬಡಿದುಕೊಂಡ, ಅಲ್ಲೇ ಮಲಗಿದ. ಗೌಸ್‌ಸಾಬ್ ಒಮ್ಮೆ ಎತ್ತುಗಳಿಗೆ ಹುಲ್ಲು ತಂದು ಹಾಕಿ, ಇನ್ನು ಒಂದು ತಿಂಗಳಾದರೂ ಗೊರಸು ಬಲಿಯಲಿ, ಅಲ್ಲಿಯವರೆಗೆ ಊರಿನ ದಾರಿ ಹಿಡಿಯಬೇಡ ಎಂದು ಹೇಳಿಹೋದ.

ಹತ್ತನೆಯ ದಿನ ಬೆಳಿಗ್ಗೆ ಆಯಾ ಬಂದು, ಇನ್ನೇನು ಕಳಿಸುತ್ತಾರೆ ಎಂದಳು. ಗಾಳೆಮ್ಮ ಒಳಗಿದ್ದಳು. ದ್ಯಾವಪ್ಪ ಅತ್ತಿತ್ತ ನೋಡಿದ. ಬೇವಿನ ಎಲೆಗಳನ್ನೆಲ್ಲ ಗುಡಿಸಿದ. ಕೆಂದನ ಸಗಣಿಯನ್ನೇ ನೀರಿನಲ್ಲಿ ಕಲಸಿ ಬಂಡಿಯ ಹಿಂಬದಿಯ ಸಿಮೆಂಟಿನ ಮೇಲೆ ಸಾರಿಸಿದ. ಆಮೇಲೆ ಹಿಟ್ಟಿನ ಡಬ್ಬಿ ತೆಗೆದು, ಕುಕ್ಕುರುಗಾಲಿನಲ್ಲಿ ಕುಳಿತು, ಎರಡು ಬೆರಳಿನಲ್ಲಿ ಜೋಳದ ಹಿಟ್ಟು ಉದುರಿಸುತ್ತ ರಂಗೋಲಿ ಎಳೆಯತೊಡಗಿದ. ಹುಟ್ಟಿದಾಗಿನಿಂದ ಮಾಡಿದ ಕೆಲಸವಲ್ಲ. ಒಂದು ಗೆರೆ ದಪ್ಪ, ಇನ್ನೊಂದು ಸೊಟ್ಟ. ದಾರಿಹೋಕರು ನಿಂತು ನಕ್ಕರು, ಅವನು ತಲೆ ಎತ್ತಲಿಲ್ಲ.

ಗ್ಯಾನಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎದೆಗೆ ಅವಚಿಕೊಂಡು ರಸ್ತೆ ದಾಟಿ ಬಂದಳು. ಬಂಡಿಯ ಹತ್ತಿರ ಬಂದು ನಿಂತಳು, ಕೆಳಗೆ ನೋಡಿದಳು, ಅಪ್ಪನ ಹಿಟ್ಟು ಮೆತ್ತಿದ ಕೈ ನೋಡಿದಳು. ಆಮೇಲೆ ಒಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು, ಗೆರೆ ತುಳಿಯದ ಹಾಗೆ ಬಲಗಾಲು ಮುಂದಿಟ್ಟಳು.