ಬ್ರಿಸ್ಟಲ್ ಕ್ಯಾಸೆಟ್ಟಿನ ಕೊನೆಯ ಏಳು ನಿಮಿಷ

ಪುತ್ತೂರಿನ ದರ್ಬೆಯ ಮುಖ್ಯರಸ್ತೆಯಲ್ಲಿ ಮೊಬೈಲ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಅಲಿ ಕುಂಞಿಯ ರೇಡಿಯೊ ರಿಪೇರಿ ಅಂಗಡಿಗೆ ಭಾನುವಾರ ಮಧ್ಯಾಹ್ನ ಗಿರಾಕಿಗಳು ಬರುವುದಿಲ್ಲ. ಬರುವುದು ಇಬ್ಬರೇ, ಅವರಿಬ್ಬರೂ ಗಿರಾಕಿಗಳಲ್ಲ. ಐವರ್ನಾಡಿನಿಂದ ರಬ್ಬರ್ ನರ್ಸರಿಯ ಉದಯ, ಸವಣೂರಿನಿಂದ ಮರದ ವ್ಯಾಪಾರದ ನಿಯಾಝ್. ಅರ್ಧ ಶಟರ್ ಎಳೆದು ಈ ಮೂವರು ಕೂತರೆಂದರೆ ಇಂಗ್ಲೆಂಡಿನ ಕಾಪರ್ ಆರ್ಚರ್ಡ್ ಎಂಬ ರಾಕ್ ಬ್ಯಾಂಡಿನ ಜಾತಕ ಬಿಚ್ಚಿದರೆಂದೇ ಲೆಕ್ಕ.

ಈ ಬ್ಯಾಂಡಿನವರಿಗೆ ಮೂರು ನಿಮಿಷದ ಹಾಡು ಎಂದರೆ ಅಲರ್ಜಿ. ಒಂದೊಂದು ಇಪ್ಪತ್ತು ನಿಮಿಷ, ಅದರಲ್ಲಿ ಬಾಯಿ ತೆರೆಯುವುದು ನಾಲ್ಕು ನಿಮಿಷ, ಉಳಿದದ್ದೆಲ್ಲ ಗಿಟಾರು, ಆರ್ಗನ್ನು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಡ್ರಮ್ಮು. ಪುತ್ತೂರಿನ ಸುತ್ತಮುತ್ತ ಇದನ್ನು ಕೇಳುವವರು ಮೂರೇ ಜನ, ಆ ಮೂವರಲ್ಲೂ ಎರಡು ಪಕ್ಷ. ಉದಯನದ್ದು ಎಪ್ಪತ್ತನಾಲ್ಕರ ಬ್ರಿಸ್ಟಲ್ ಲೈವ್. ಆರ್ಗನ್ ಬಾರಿಸುವ ಹಾರ್ಡ್‌ವಿಕ್ ಇದ್ದ ಕಾಲವೇ ಕಾಲ, ಅವನು ಬಿಟ್ಟ ಮೇಲೆ ಆ ಬ್ಯಾಂಡು ಹೆಸರಿಗೆ ಮಾತ್ರ ಎಂದು ಅವನ ವಾದ. ನಿಯಾಝನದ್ದು ಎಂಬತ್ತೆರಡರ ರಾಟರ್‌ಡ್ಯಾಂ ಲೈವ್. ಧ್ವನಿಮುದ್ರಣ ಅಂದರೆ ಅದು, ಬ್ರಿಸ್ಟಲಿನಲ್ಲಿ ಬಾವಿಯೊಳಗೆ ಕೂತು ಬಾರಿಸಿದ ಹಾಗೆ ಕೇಳುತ್ತದೆ ಎಂದು ಇವನು. ಯಕ್ಷಗಾನದ ಭಾಗವತರ ಬಗ್ಗೆ ಊರಿನ ಉಳಿದವರು ಎಷ್ಟು ಜೋರಾಗಿ ಜಗಳಾಡುತ್ತಾರೋ ಅಷ್ಟೇ ಜೋರಾಗಿ ಇವರದೂ ನಡೆಯುತ್ತಿತ್ತು.

ಅಲಿ ಕುಂಞಿ ಯಾವ ಪಕ್ಷಕ್ಕೂ ಸೇರಿದವನಲ್ಲ. ಸೋಲ್ಡರಿಂಗ್ ಕಡ್ಡಿ ಕೈಯಲ್ಲಿ ಹಿಡಿದು, ಚಹಾ ತರಿಸಿ, ಎರಡೂ ಕಡೆಗೆ ತಲೆಯಾಡಿಸುತ್ತಿದ್ದ. ಅವನನ್ನು ಕಾಕ ಎಂದೇ ಕರೆಯುತ್ತಿದ್ದ ಇಬ್ಬರೂ ಕಾಕನದ್ದು ನ್ಯಾಯವಂತ ಸ್ವಭಾವ ಎಂದು ನಂಬಿದ್ದರು. ನ್ಯಾಯವೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಬಾಯಿ ಬಿಡಲು ಹೆದರಿಕೆ.

ಯಾಕೆಂದರೆ ವಾದ ಸೋಲುತ್ತಾ ಬಂದಾಗ ಉದಯ ತೆಗೆಯುತ್ತಿದ್ದ ಬ್ರಹ್ಮಾಸ್ತ್ರ ಬ್ರಿಸ್ಟಲ್ ಕ್ಯಾಸೆಟ್ಟಿನ ಕೊನೆಯ ಏಳು ನಿಮಿಷ. ಚಪ್ಪಾಳೆ ಅಡಗಿದ ಮೇಲೆ, ಇನ್ನೇನು ಟೇಪ್ ಮುಗಿಯಿತು ಅನ್ನುವಾಗ, ದೂರದಲ್ಲಿ ಎಲ್ಲೋ ಆರ್ಗನ್ ಒಂದು ಶುರುವಾಗುತ್ತದೆ. ತಾಳವಿಲ್ಲ, ಅವಸರವಿಲ್ಲ. ನೀರಿನಡಿ ನಡೆದುಕೊಂಡು ಹೋಗುವವನ ಹಾಗೆ ಒಂದೊಂದೇ ಸ್ವರ. ನಡುನಡುವೆ ಒಂದು ಸ್ವರ ಬರಬೇಕಾದಲ್ಲಿ ಬರುವುದೇ ಇಲ್ಲ. ಆ ಖಾಲಿ ಜಾಗದಲ್ಲೇ ಹಾರ್ಡ್‌ವಿಕ್ ಇರುವುದು ಎಂದು ಉದಯ ಹೇಳಿದಾಗ ನಿಯಾಝನೂ ಒಪ್ಪಿಬಿಡುತ್ತಿದ್ದ. ಅವನಿಗೂ ಅದು ಇಷ್ಟವೇ.

ಆ ಏಳು ನಿಮಿಷ ಬಾರಿಸಿದವನು ಅಲಿ ಕುಂಞಿ.

ತೊಂಬತ್ತನೇ ಇಸವಿ. ಅವನು ಬಹರೈನಿನ ಕ್ಯಾಸೆಟ್ ಅಂಗಡಿಯ ಕೆಲಸ ಬಿಟ್ಟು ಬಂದು ಇಲ್ಲಿ ಸ್ವಂತ ರೆಕಾರ್ಡಿಂಗ್ ಅಂಗಡಿ ಹಾಕಿದ್ದ. ಜನ ಹಾಡಿನ ಪಟ್ಟಿ ಬರೆದು ಕೊಡುವುದು, ಇವನು ಕ್ಯಾಸೆಟ್ ತುಂಬಿಸಿ ಕೊಡುವುದು. ಆ ಕಸುಬಿನಲ್ಲಿ ಒಂದು ನಿಯಮವಿತ್ತು: ಟೇಪನ್ನು ಖಾಲಿ ಬಿಡುವ ಹಾಗಿಲ್ಲ. ಎರಡು ನಿಮಿಷ ಖಾಲಿ ಉಳಿದರೂ ಗಿರಾಕಿ ಮರುದಿನ ಬಂದು ಮೋಸ ಮಾಡಿದಿರಿ ಎನ್ನುತ್ತಿದ್ದ. ಹಾಗಾಗಿ ಸಿನಿಮಾ ಹಾಡುಗಳ ಬಾಲಕ್ಕೆ ಮಲಯಾಳದ ಅರ್ಧ ಮಾಪಿಳ್ಳೆ ಪಾಟ್ಟು, ಭಜನೆಯ ಬಾಲಕ್ಕೆ ಶಹನಾಯಿ, ಏನಾದರೊಂದು ಸೇರಿಸಿ ಭರ್ತಿ ಮಾಡುವುದು. ಬಹರೈನಿನಿಂದ ತಂದ ಬ್ರಿಸ್ಟಲಿನ ಪ್ರತಿಯನ್ನು ಕಾಲೇಜು ಹುಡುಗ ಉದಯನಿಗಾಗಿ ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಇಳಿಸಿದಾಗ ಏಳು ನಿಮಿಷ ಉಳಿಯಿತು. ಆ ಇಂಗ್ಲಿಷ್ ಸಂಗೀತದ ಹಿಂದೆ ಮಾಪಿಳ್ಳೆ ಪಾಟ್ಟು ಹಾಕಲು ಮನಸ್ಸು ಒಪ್ಪಲಿಲ್ಲ.

ಒಂದು ಪುಟ್ಟ ಕೀಬೋರ್ಡ್ ಇತ್ತು, ಅದೂ ಅಲ್ಲಿಂದಲೇ ತಂದದ್ದು. ಮನೆಯಲ್ಲಿ ಬಾರಿಸಿದರೆ ಬಾಪ ಬಯ್ಯುತ್ತಿದ್ದರು, ಹಾಗಾಗಿ ಅದು ಅಂಗಡಿಯಲ್ಲೇ ಇರುತ್ತಿತ್ತು. ಒಬ್ಬರಿಂದಲೂ ಕಲಿತವನಲ್ಲ. ಒಂದು ಮಧ್ಯಾಹ್ನ ಶಟರ್ ಎಳೆದು, ಸ್ಪೀಕರನ್ನು ನೀರಿನ ಖಾಲಿ ಡ್ರಮ್ಮಿನೊಳಗಿಟ್ಟು, ಮೈಕನ್ನು ಅದರ ಬಾಯಿಗೆ ಹಿಡಿಸಿ ಬಾರಿಸಲು ಕೂತ. ಹೊರಗೆ ಬಸ್ಸುಗಳು ಹೋಗುತ್ತಿದ್ದವು, ಅವನಿಗೆ ಕೇಳಿಸಲಿಲ್ಲ. ಸ್ವರಗಳು ಡ್ರಮ್ಮಿನೊಳಗೆ ಸುತ್ತಿ ಸುತ್ತಿ ಬರುವಾಗ ತಾನು ಎಲ್ಲಿದ್ದೇನೆಂದು ಗೊತ್ತಾಗಲಿಲ್ಲ. ಬಹರೈನಿನ ಮನಾಮದ ತಾರಸಿಯ ಬೆಳದಿಂಗಳೋ, ಉಪ್ಪಿನಂಗಡಿಯ ಹೊಳೆಯೋ, ಬೆರಳುಗಳು ತಾವಾಗಿ ಹೋಗುತ್ತಿದ್ದವು. ಟೇಪ್ ಟಕ್ಕೆಂದು ನಿಂತಾಗ ನಿದ್ದೆಯಿಂದ ಎದ್ದವನ ಹಾಗೆ ಕಣ್ಣುಜ್ಜಿಕೊಂಡ.

ಮರುದಿನ ಉದಯ ಬಂದ. ಕೊನೆಯದು ಕೇಳಿ ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಕಣ್ಣು ಒರೆಸಿಕೊಂಡ. ಇಂಥಾದ್ದನ್ನು ಬಾರಿಸಬೇಕಾದರೆ ಹಾರ್ಡ್‌ವಿಕ್ಕೇ ಆಗಬೇಕು ಎಂದು ಅವನೇ ತೀರ್ಮಾನಿಸಿದ. ಅಲಿ ಕುಂಞಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಷ್ಟು ದೊಡ್ಡ ಹೊಗಳಿಕೆ ಅವನ ಜೀವಮಾನದಲ್ಲಿ ಸಿಕ್ಕಿದ್ದು ಅದೊಂದೇ, ಅದೂ ಬೇರೆಯವನ ಹೆಸರಿನಲ್ಲಿ. ನಾಳೆ ಹೇಳೋಣ ಅಂದುಕೊಂಡ. ಆ ನಾಳೆಗೆ ಈಗ ಮೂವತ್ತೈದು ವರ್ಷ. ಗುಟ್ಟು ಗೊತ್ತಿದ್ದದ್ದು ಹೆಂಡತಿ ಪಾತುವಿಗೆ ಮಾತ್ರ. ಪೆರ್ನಾಳ್ ಹಬ್ಬದ ಊಟಕ್ಕೆ ಉದಯ ಬಂದಾಗಲೆಲ್ಲ ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು, ಅವನು ಬಿರಿಯಾನಿ ನೋಡುತ್ತಿದ್ದ.

ಕಳೆದ ತಿಂಗಳು ಹಾರ್ಡ್‌ವಿಕ್ ತೀರಿಕೊಂಡ. ಉದಯ ಎರಡು ದಿನ ನರ್ಸರಿಗೆ ಇಳಿಯಲಿಲ್ಲ. ಫೋನಿನಲ್ಲಿ ಅವನ ಅಳು ಕೇಳುತ್ತಾ ಅಲಿ ಕುಂಞಿ ಮುಂದಿದ್ದ ರೇಡಿಯೊದ ಸ್ಕ್ರೂ ಬಿಚ್ಚಿದ, ಮತ್ತೆ ಅದನ್ನೇ ಬಿಗಿದ. ಅಪ್ಪನನ್ನು ಸಮಾಧಾನಪಡಿಸಲು ಉದಯನ ಮಗಳು ಭವಿತಾ ಬ್ರಿಸ್ಟಲ್ ಕಾರ್ಯಕ್ರಮದ ಹೊಸ ಪೂರ್ಣ ಆವೃತ್ತಿಯನ್ನು ತರಿಸಿದಳು. ಅಂದು ಬಾರಿಸಿದ್ದರಲ್ಲಿ ಒಂದು ಸ್ವರವನ್ನೂ ಬಿಟ್ಟಿಲ್ಲ ಎಂದು ಡಬ್ಬಿಯ ಮೇಲೆಯೇ ಬರೆದಿತ್ತು.

ಈ ಭಾನುವಾರ ಭವಿತಾಳೂ ಸೇರಿ ನಾಲ್ವರು ಅಂಗಡಿಯಲ್ಲಿ ಕೂತು ಅದನ್ನು ಕೇಳಿದರು. ಚಪ್ಪಾಳೆ ಬಂತು, ಅಡಗಿತು. ಮೌನ. ಉದಯ ಕಾದ. ಡಿಸ್ಕ್ ತಿರುಗುವುದು ನಿಂತಿತು.

ನಿಯಾಝ್ ಏನೋ ತಮಾಷೆ ಮಾಡಲು ಹೋಗಿ ಉದಯನ ಮುಖ ನೋಡಿ ನುಂಗಿಕೊಂಡ. ಉದಯ ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದ. ಸತ್ತವನ ಅತ್ಯುತ್ತಮ ಏಳು ನಿಮಿಷವನ್ನೇ ಕತ್ತರಿಸಿದ್ದಾರೆ, ಇದನ್ನು ಬಿಡುವುದಿಲ್ಲ ಎಂದ. ಜಗತ್ತಿನ ಅಭಿಮಾನಿಗಳೆಲ್ಲ ಇರುವ ಗುಂಪೊಂದು ಇಂಟರ್‌ನೆಟ್ಟಿನಲ್ಲಿ ಉಂಟು, ಹಳೆಯ ಕ್ಯಾಸೆಟ್ಟಿನಿಂದ ಆ ಭಾಗವನ್ನು ಈಗಲೇ ಅದಕ್ಕೆ ಹಾಕು, ಕೆಳಗೆ ನನ್ನ ಹೆಸರು ಹಾಕಿ ಜವಾಬು ಕೇಳು ಎಂದು ಮಗಳಿಗೆ ಹೇಳಿದ. ಭವಿತಾ ಅಪ್ಪನ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿ, ಅಲ್ಲಿಂದ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದಳು.

ಅಲಿ ಕುಂಞಿ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟ. ಸುಮ್ಮನಿದ್ದರೆ ನಾಳೆ ಬೆಳಗಾಗುವುದರೊಳಗೆ ಸಾವಿರಾರು ಜನ ಉದಯನನ್ನು ನೋಡಿ ನಗುತ್ತಾರೆ. ಹೇಳಿದರೆ ಉದಯ ಈ ಶಟರಿನಡಿ ಮತ್ತೆ ತಲೆ ಬಗ್ಗಿಸಿ ಬರುವುದಿಲ್ಲ. ಭಾನುವಾರಗಳು ಹೋಗುತ್ತವೆ. ಆ ಏಳು ನಿಮಿಷವೂ ಹೋಗುತ್ತದೆ, ಯಾಕೆಂದರೆ ದರ್ಬೆಯ ರಿಪೇರಿಯವನ ಬೆರಳಿನಿಂದ ಬಂದದ್ದು ಎಂದು ಗೊತ್ತಾದ ಮೇಲೆ ಅದನ್ನು ಯಾರು ಕೇಳುತ್ತಾರೆ? ಆದರೂ ಕೈ ಮುಂದೆ ಹೋಗಿ ವೈರನ್ನು ಕಿತ್ತಿತು.

"ಹಾಕ್ಬೇಡ ಮಗಾ," ಎಂದ. "ಅದು ಹಾರ್ಡ್‌ವಿಕ್ ಅಲ್ಲ. ನಾನು."

ಉದಯ ಮೊದಲು ನಕ್ಕ. ಅಲಿ ಕುಂಞಿ ನಗಲಿಲ್ಲ. ಖಾಲಿ ಟೇಪು, ಡ್ರಮ್ಮು, ಮೈಕು ಎಲ್ಲವನ್ನೂ ನೆಲ ನೋಡುತ್ತಾ ಹೇಳಿದ. ಆ ಖಾಲಿ ಜಾಗದ ಬಗ್ಗೆಯೂ ಹೇಳಲೇಬೇಕಾಯಿತು: ಕೀಬೋರ್ಡಿನಲ್ಲಿ ಒಂದು ಕೀ ಕೆಟ್ಟಿತ್ತು, ಒತ್ತಿದರೆ ಶಬ್ದ ಬರುತ್ತಿರಲಿಲ್ಲ, ಅಷ್ಟೇ. ನಿಯಾಝ್ ತಲೆ ಮೇಲೆ ಕೈಯಿಟ್ಟು ಕೂತ. ಭವಿತಾ ಅಪ್ಪನ ಕಡೆ ನೋಡಿದಳು.

"ಮೂವತ್ತೈದು ವರ್ಷ ಎಂತಕ್ಕೆ ಹೇಳ್ಲಿಲ್ಲ ಕಾಕ?" ಎಂದು ಉದಯ ಕೇಳಿದ.

"ಅವತ್ತು ನಾನು ಬಾರಿಸಿದ್ದು ಅಂತ ಹೇಳಿದ್ರೆ, ನೀನು ಕೇಳ್ತಿದ್ಯಾ?"

ಉದಯ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ," ಎಂದ. "ನಗ್ತಿದ್ದೆ."

ಆ ಮಾತು ಅಲಿ ಕುಂಞಿಗೆ ನಾಟಿತು. ಹಾಗೇ ಎಂದು ಗೊತ್ತಿತ್ತು, ಆದರೂ ನೋವಾಯಿತು. ಉದಯ ಎದ್ದು ಹೋಗುತ್ತಾನೆಂದು ಕಾದ. ಉದಯ ಏಳಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಹಾಕಿದ. ಸ್ವರಗಳು ಒಂದೊಂದಾಗಿ ಬಂದು ಸೋಲ್ಡರ್ ವಾಸನೆಯ ಕೋಣೆಯಲ್ಲಿ ತೇಲಿದವು, ಅರ್ಧ ಶಟರಿನಡಿ ಬಿದ್ದ ಬಿಸಿಲು ಹಾಗೇ ನಿಂತಿತು. ಏಳು ನಿಮಿಷವೂ ಅವನು ಅಲಿ ಕುಂಞಿಯ ಕೈಗಳನ್ನೇ ನೋಡುತ್ತಿದ್ದ.

ಟೇಪ್ ನಿಂತ ಮೇಲೆ ಕ್ಯಾಸೆಟ್ಟನ್ನು ಹೊರಗೆ ತೆಗೆದ.

"ಕಳೆದ ತಿಂಗಳು ನಾನು ಅತ್ತದ್ದು, ಇದನ್ನು ಬಾರಿಸಿದವ ಸತ್ತ ಅಂತ," ಎಂದ. "ಅವ ಸಾಯ್ಲಿಲ್ಲ ಅಲ್ವಾ ಹಾಗಾದ್ರೆ."

ಸಾಯಲಿಲ್ಲ ಎಂದು ಅಲಿ ಕುಂಞಿ ತಲೆಯಾಡಿಸಿದ.