ಹೊರಗಿನ ಬಾಯಿಗೆ ಐದು ಅಂಕ

ಚುನಾವಣೆ ಬಂದಾಗಲೆಲ್ಲ ಆಟೋದಲ್ಲಿ ಕೂತು ಊರು ತುಂಬ ಕೂಗುತ್ತಿದ್ದವನಿಗೆ ಮೈಕಣ್ಣ ಅಂತಲೇ ಹೆಸರು ಬಿದ್ದಿತ್ತು. ಈ ಸಲ ಅವನು ಕೂಗಿದ ಪಕ್ಷ ಮಣ್ಣುಮುಕ್ಕಿತು. ಅದೇ ಹೊತ್ತಿಗೆ ಅವನ ಮಗಳು ಅಗ್ನಿಶಾಮಕ ಠಾಣೆಯಲ್ಲಿ ಗಾಡಿ ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದಳು.

"ಅಪ್ಪಾ, ಬರೋದಾದ್ರೆ ಬಾ. ಬಾಯಿ ಮಾತ್ರ ಬಿಡಬೇಡ. ನಿನ್ನ ಗಂಟಲು ಯಾರಿಗೆ ಗೊತ್ತಿಲ್ಲ?" ಎಂದಿದ್ದಳು.

ನಾಲ್ಕು ಹುದ್ದೆ, ಮೂವತ್ತು ಜನ. ಅಂಗಳದಲ್ಲಿ ಎರಡು ಸಾಲು ಡ್ರಮ್ಮು. ನೀರು ತುಂಬಿದ ಗಾಡಿಯನ್ನು ಅವುಗಳ ನಡುವೆ ರಿವರ್ಸ್ ತರಬೇಕು. ಪರೀಕ್ಷೆ ನಡೆಸಲು ನಿಂತಿದ್ದ ಠಾಣಾಧಿಕಾರಿ ಗಿಡ್ಡ ಹೆಂಗಸು, ನಗುವಿನ ಸುಳಿವಿಲ್ಲ.

ಮಗಳು ಮುಕ್ಕಾಲು ದೂರ ಬಂದಿದ್ದಳು. ಹಿಂದಿನ ಚಕ್ರಕ್ಕೂ ಡ್ರಮ್ಮಿಗೂ ಗೇಣು ಜಾಗ. ಗೇಟಿನಲ್ಲಿದ್ದ ಮೈಕಣ್ಣನ ಜೀವ ಬಾಯಿಗೆ ಬಂತು. ಬಾಯಿಗೆ ಬಂದದ್ದು ಹೊರಗೂ ಬಂತು.

"ನಿಲ್ಸೇ! ಎಡಕ್ಕೆ!"

"ನಂಗೆ ಕಾಣ್ತಿತ್ತು!" ಎಂದು ಗದರಿಸಿ ಮಗಳು ಗಾಡಿಯನ್ನು ನೆಟ್ಟಗೆ ತಂದು ನಿಲ್ಲಿಸಿದಳು.

ಗೆದ್ದ ಪಕ್ಷದ ಕಾರ್ಯದರ್ಶಿ ಅಲ್ಲೇ ಇದ್ದ. ಅಕ್ಕನ ಮಗನನ್ನು ಕರೆತಂದಿದ್ದ.

"ಓಹೋ, ಮೈಕಣ್ಣನ ಕುಡಿಯಾ ಇದು! ಮೇಡಂ, ಇವ್ರು ಯಾವ ಕಡೆಯೋರು ಗೊತ್ತಲ್ಲ? ಮುಂದಿನವ್ನು ನಮ್ಮ ಹುಡುಗ. ದೊಡ್ಡೋರು ಹೇಳಿದಾರೆ" ಎಂದು ಚೀಟಿ ಚಾಚಿದ.

ಅಧಿಕಾರಿ ಚೀಟಿ ಮುಟ್ಟಲಿಲ್ಲ. "ಹೊರಗಿಂದ ಯಾರೇ ಬಾಯಿ ಹಾಕಿದ್ರೂ ಐದು ಅಂಕ ಕಟ್. ಆ ಹುಡುಗಿಗೆ ಐದು. ನಿಮ್ಮ ಹುಡುಗನಿಗೂ ಐದು."

"ನಾನೆಲ್ಲಿ ಕೂಗ್ದೆ?"

"ಅವ್ರು ಗಂಟಲಲ್ಲಿ ಕೂಗಿದ್ರು, ನೀವು ಕಾಗದದಲ್ಲಿ."

"ನಿಮ್ಮನ್ನ ಎತ್ತಂಗಡಿ ಮಾಡಿಸ್ತೀನಿ!"

"ಮಾಡಿಸಿ. ಅಲ್ಲೂ ಬೆಂಕಿ ಬೀಳುತ್ತೆ. ಯಾರಪ್ಪಾ ಮುಂದಿನವ್ರು?"

ಐದು ಅಂಕ ಹೋಯಿತಲ್ಲ ಎಂದು ಮೈಕಣ್ಣನಿಗೆ ಪಿತ್ತ ನೆತ್ತಿಗೇರಿತ್ತು. ಆದರೆ ಆ ಹುಡುಗ ಬೆಣ್ಣೆಯಿಂದ ಕೂದಲು ತೆಗೆದಂತೆ ಗಾಡಿ ತಂದ. ಕಣ್ಣಿದ್ದವನು ಇಲ್ಲ ಅನ್ನುವಂತಿರಲಿಲ್ಲ.

ಸಂಜೆ ಎಲ್ಲರ ಅಂಕವನ್ನೂ ಗೋಡೆಗೆ ಅಂಟಿಸಿದರು. ಐದು ಕಳೆದ ಮೇಲೂ ಹುಡುಗ ಎರಡನೆಯವನು. ಐದು ಕಳೆದ ಮೇಲೂ ಮಗಳು ನಾಲ್ಕನೆಯವಳು. ಐದನೆಯವನಿಗೂ ಅವಳಿಗೂ ನಡುವೆ ಇದ್ದದ್ದು ಒಂದೇ ಒಂದು ಅಂಕದ ಅಂತರ.

"ನಿಮ್ಮ ಮಾವ ಸುಮ್ಮನಿದ್ದಿದ್ರೆ ನೀನೇ ಮೊದಲನೆಯವ್ನಪ್ಪಾ" ಎಂದ ಮೈಕಣ್ಣ.

"ನೀವು ಸುಮ್ಮನಿದ್ದಿದ್ರೆ ಇವ್ಳು ನನ್ನ ಬೆನ್ನ ಹಿಂದೆನೇ ಇರ್ತಿದ್ಲು, ಅಂಕಲ್."

ಇಪ್ಪತ್ತು ವರ್ಷ ಸರ್ಕಾರಿ ಜನರನ್ನೆಲ್ಲ ಕಳ್ಳರು ಅಂತ ಬೈದಿದ್ದ ಮೈಕಣ್ಣ ಆ ಗಿಡ್ಡ ಹೆಂಗಸಿನ ಮುಂದೆ ಹೋಗಿ, ಟೋಪಿ ತೆಗೆದು ನಿಂತ.

"ಏನು?" ಎಂದರು ಅಧಿಕಾರಿ.

"ಏನಿಲ್ಲ ತಾಯಿ. ನೋಡೋಣ ಅಂತ ಬಂದೆ."

"ನೋಡಿದ್ರಲ್ಲ, ಹೊರಡಿ" ಎಂದು ಅಧಿಕಾರಿ ಮಗಳ ಕಡೆಗೂ ಹುಡುಗನ ಕಡೆಗೂ ತಿರುಗಿದರು. "ನೀವಿಬ್ರೂ ಸೋಮವಾರ ಏಳಕ್ಕೆ ಬನ್ನಿ, ಗಾಡಿ ತೊಳೀಬೇಕು."